ಪುಟ್ಟ ನಾಯಿ ಹಿಮಗಾಡಿಯನ್ನು ಎಳೆದೀತೆ?

ಕಳೆದ ಬೇಸಗೆಯಲ್ಲಿ ಯಲಬುರ್ಗಾದ ಸ್ನೇಹಿತರೊಬ್ಬರ ಮನೆಗೆ ಹೋಗಿದ್ದಾಗ ನಾವೊಂದು ವಿನೋದವನ್ನು ಕಂಡೆವು. ಎಂಟು ವರುಷದ ಹುಡುಗನೊಬ್ಬ ಅಂಗಳದಲ್ಲಿ ಒಣ ತೆಂಗಿನ ಗರಿಯ ಮೇಲೆ ಕುಳಿತಿದ್ದನು. ಗರಿಗೆ ಕಟ್ಟಿದ ಹಗ್ಗದ ಇನ್ನೊಂದು ತುದಿ ಮನೆಯ ಬಿಳಿಯ ಪಾಮೆರೇನಿಯನ್ ನಾಯಿಯ ಕೊರಳಪಟ್ಟಿಗೆ ಸೇರಿದ್ದಿತು. ಹಿಮದ ನಾಡಿನಲ್ಲಿ ನಾಯಿಗಳು ಚಕ್ರವಿಲ್ಲದ ಗಾಡಿಯನ್ನು ಎಳೆಯುವುದನ್ನು ಅವನು ಚಲನಚಿತ್ರದಲ್ಲಿ ನೋಡಿದ್ದನಂತೆ. ನಾಯಿ ನಾಲ್ಕು ಹೆಜ್ಜೆ ಎಳೆದು, ಕೆಮ್ಮಿ, ನಾಲಗೆ ಚಾಚಿ ಕುಳಿತುಬಿಟ್ಟಿತು. "ಸರ್, ಇದಕ್ಕ ಶಕ್ತಿ ಸಾಲಂಗಿಲ್ಲೇನ್ರಿ?" ಎಂದು ಹುಡುಗನು ಕೇಳಿದನು.

ಸಾಲದು ಎಂದುಬಿಡುವುದು ಸುಲಭ. ಆದರೆ ಅದು ಸರಿಯಾದ ಉತ್ತರವಲ್ಲ. 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಗೆಲಿಲಿಯೋ ಈ ಬಗೆಯ ಪ್ರಶ್ನೆಯನ್ನೇ ಎತ್ತಿಕೊಂಡಿದ್ದಾನೆ. ಸಣ್ಣ ನಾಯಿಯೊಂದು ತನ್ನಷ್ಟೇ ದೊಡ್ಡ ಎರಡು ಮೂರು ನಾಯಿಗಳನ್ನು ಬೆನ್ನ ಮೇಲೆ ಹೊರಬಲ್ಲದು. ಕುದುರೆಯಾದರೋ ಇನ್ನೊಂದು ಕುದುರೆಯನ್ನು ಹೊರಲಾರದು ಎಂಬುದು ಅವನ ಅಭಿಪ್ರಾಯ. ಇದರ ಗಣಿತವು ಸರಳವಾದುದು. 24 ಕಿಲೋಗ್ರಾಂ ತೂಗುವ ಸೈಬೀರಿಯದ ಹಸ್ಕಿ ನಾಯಿಯನ್ನೂ 3 ಕಿಲೋಗ್ರಾಂ ತೂಗುವ ಪಾಮೆರೇನಿಯನ್ನನ್ನೂ ತೆಗೆದುಕೊಳ್ಳೋಣ. ಇವೆರಡರ ಆಕಾರ ಒಂದೇ ಎಂದು ಭಾವಿಸಿದರೆ ಪುಟ್ಟ ನಾಯಿಯ ಉದ್ದ ಅರ್ಧ, ತೂಕ ಎಂಟನೆಯ ಒಂದು ಪಾಲು. ಸ್ನಾಯುವಿನ ಬಲವು ಅದರ ಅಡ್ಡಕೊಯ್ತದ ವಿಸ್ತೀರ್ಣವನ್ನು ಅವಲಂಬಿಸಿರುವುದರಿಂದ ಬಲ ಮಾತ್ರ ನಾಲ್ಕನೆಯ ಒಂದು ಪಾಲಾಗುತ್ತದೆ. ಎಂದರೆ ಎಂಟು ಪಾಮೆರೇನಿಯನ್ನುಗಳು ಸೇರಿದರೆ ತೂಕದಲ್ಲಿ ಒಂದು ಹಸ್ಕಿಗೆ ಸಮ, ಬಲದಲ್ಲಿ ಅದರ ಎರಡರಷ್ಟು!

ಹಾಗಾದರೆ ಅವನ್ನೇ ಸಾಲಾಗಿ ಕಟ್ಟಬಾರದೇಕೆ? ಗಂಗಾವತಿಯ ಕಡೆಯ ವಾಚಕರಿಗೆ ಇದರ ಒಂದು ಉತ್ತರ ಆಗಲೇ ಗೊತ್ತು. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರು ನಿಂತ ಗದ್ದೆಯಲ್ಲಿ ಕೆಸರನ್ನು ಮಟ್ಟಮಾಡುವ ಹಲಗೆಯೂ ಚಕ್ರವಿಲ್ಲದ ಗಾಡಿಯೇ. ಈಗ ಟ್ರ್ಯಾಕ್ಟರುಗಳು ಬಂದಿದ್ದರೂ, ಎತ್ತು ಹೂಡಿ ಹಲಗೆ ಹೊಡೆದವರನ್ನು ಕೇಳಿ ನೋಡಿ: ಎತ್ತಿನ ರಟ್ಟೆಯಲ್ಲಿ ಬಲವಿದ್ದರೂ ಗೊರಸು ಜಾರಿದರೆ ಹಲಗೆ ಮುಂದೆ ಸಾಗದು. ಎಳೆತವು ಸ್ನಾಯುಬಲವನ್ನು ಮಾತ್ರವಲ್ಲ, ಕಾಲಿಗೂ ನೆಲಕ್ಕೂ ನಡುವಣ ಘರ್ಷಣೆಯನ್ನೂ ಅವಲಂಬಿಸಿದೆ. ಘರ್ಷಣೆಯು ತೂಕಕ್ಕೆ ಅನುಗುಣವಾದುದು. ಎಂಟು ಪಾಮೆರೇನಿಯನ್ನುಗಳ ಒಟ್ಟು ತೂಕ ಒಂದು ಹಸ್ಕಿಯಷ್ಟೇ ಆದುದರಿಂದ, ಜಾರುವ ಹಿಮದ ಮೇಲೆ ಆ ಹೆಚ್ಚಿನ ಬಲದ ಬಹುಭಾಗ ವ್ಯರ್ಥ.

ಎರಡನೆಯದು ವೇಗ. ನಡೆಯುವ ಕಾಲು ಒಂದು ಬಗೆಯ ಲೋಲಕ. ಒಂದೇ ತೆರನಾದ ನಡಿಗೆಯಲ್ಲಿ ವೇಗವು ಕಾಲಿನ ಉದ್ದದ ವರ್ಗಮೂಲವನ್ನು ಅನುಸರಿಸುತ್ತದೆ. ಹಸ್ಕಿ ಗಂಟೆಗೆ 15 ಕಿಲೋಮೀಟರು ಓಡುವ ಹದದಲ್ಲಿ ಅರ್ಧ ಕಾಲಿನ ನಾಯಿ ಹತ್ತೂವರೆ ಕಿಲೋಮೀಟರು ಓಡೀತು. ಪಾಮೆರೇನಿಯನ್ನಿನ ಕಾಲು ಅರ್ಧಕ್ಕಿಂತಲೂ ಚಿಕ್ಕದು. ಭುಜದವರೆಗಿನ ಎತ್ತರವೇ ಸುಮಾರು 20 ಸೆಂಟಿಮೀಟರು. ಒಂದು ಗೇಣು ಹೊಸ ಹಿಮ ಬಿದ್ದರೆ ಅದು ಗಾಡಿ ಎಳೆಯುವುದಿರಲಿ, ಈಜಬೇಕಾದೀತು. 1925ರಲ್ಲಿ ಅಲಾಸ್ಕದ ನೋಮ್ ಪಟ್ಟಣಕ್ಕೆ ಗಂಟಲಮಾರಿಯ ಔಷಧವನ್ನು ಸುಮಾರು 150 ನಾಯಿಗಳು ಸರದಿಯ ಮೇಲೆ ಎಳೆದು, 1,085 ಕಿಲೋಮೀಟರು ದಾರಿಯನ್ನು ಐದೂವರೆ ದಿನಗಳಲ್ಲಿ ಕ್ರಮಿಸಿದವು. ಆ ಸಾಹಸದಲ್ಲಿ ಅತಿ ಕಠಿನವಾದ ಭಾಗವನ್ನು ದಾಟಿಸಿದ ಟೋಗೋ ಎಂಬ ಮುಂದಾಳು ನಾಯಿಯ ತೂಕ ಸುಮಾರು 22 ಕಿಲೋಗ್ರಾಂ. ಅಲ್ಲಿ ತಡವಾಗಿದ್ದರೆ ಹೋಗುತ್ತಿದ್ದುದು ಮಕ್ಕಳ ಪ್ರಾಣ.

ಚಳಿಯ ಲೆಕ್ಕವೂ ಪುಟ್ಟ ನಾಯಿಗೆ ಪ್ರತಿಕೂಲವೇ. ಶಾಖವು ಮೈಯ ಹೊರಮೈಯಿಂದ ಹೊರಟುಹೋಗುತ್ತದೆ. ಪ್ರತಿ ಕಿಲೋಗ್ರಾಮಿಗೆ ಹೊರಮೈ ಅದಕ್ಕೆ ಎರಡರಷ್ಟು. ಅದರ ಪೂರ್ವಿಕರು ಹಿಮದ ನಾಡಿನ ನಾಯಿಗಳಿಗೆ ಬಂಧುಗಳೇನೋ ನಿಜ, ಇದಕ್ಕಿಂತ ದೊಡ್ಡವೂ ನಿಜ. ವಿಕ್ಟೋರಿಯಾ ರಾಣಿ 1888ರಲ್ಲಿ ಫ್ಲಾರೆನ್ಸಿನಿಂದ ಪುಟ್ಟ ಪಾಮೆರೇನಿಯನ್ನನ್ನು ತಂದ ಮೇಲೆ ಸಣ್ಣದನ್ನೇ ಬಯಸುವ ರೂಢಿ ಬಲವಾಯಿತು. ತುಪ್ಪುಳವೊಂದಿದ್ದರೆ ಸಾಲದೆಂಬುದಕ್ಕೆ ಇನ್ನೊಂದು ನಿದರ್ಶನವಿದೆ. 1988ರಿಂದ 1991ರವರೆಗೆ ಜಾನ್ ಸೂಟರ್ ಎಂಬಾತ ಅಲಾಸ್ಕದ ಇಡಿಟರಾಡ್ ಓಟದಲ್ಲಿ ದೊಡ್ಡ ಪೂಡಲ್ ನಾಯಿಗಳನ್ನು ಓಡಿಸಿದನು. ಅವು ಎಳೆದವು, ಆದರೆ ಗುಂಗುರು ಕೂದಲಿಗೆ ಹಿಮ ಹೆಪ್ಪುಗಟ್ಟುವ ತೊಂದರೆ ತಪ್ಪಲಿಲ್ಲ. ಆಮೇಲೆ ಆ ಓಟಕ್ಕೆ ಉತ್ತರದ ತಳಿಗಳು ಮಾತ್ರವೆಂಬ ನಿಯಮವೇ ಬಂದಿತು.

ಇನ್ನು ಯಲಬುರ್ಗಾದ ಅಂಗಳಕ್ಕೆ ಬರೋಣ. ನಮ್ಮ ಕಡೆ ಪಾಮೆರೇನಿಯನ್ ಎಂದು ಕರೆಯುವವುಗಳಲ್ಲಿ ಹಲವು ವಾಸ್ತವವಾಗಿ ಇಂಡಿಯನ್ ಸ್ಪಿಟ್ಜ್ ಎಂಬ, ತುಸು ದೊಡ್ಡದಾದ ತಳಿ. ಯಾವುದಾದರೇನು, ಆ ದಿನ ಅದನ್ನು ಕೂರಿಸಿದ್ದು ಬಲದ ಕೊರತೆಯಲ್ಲ. ನಾಯಿಗೆ ನಮ್ಮಂತೆ ಮೈಯೆಲ್ಲ ಬೆವರದು. ಏದುಸಿರಿನಿಂದ ನಾಲಗೆಯ ತೇವವನ್ನು ಆರಿಸಿಯೇ ಅದು ತಂಪಾಗಬೇಕು. ಅದರ ಮೈ ಶಾಖ 38ರಿಂದ 39 ಡಿಗ್ರಿ. ಕೊಪ್ಪಳ, ಕುಷ್ಟಗಿಗಳ ಮೇ ತಿಂಗಳ ಗಾಳಿ 40 ಡಿಗ್ರಿ ಮುಟ್ಟುವುದುಂಟು. ಮೈಗಿಂತ ಗಾಳಿಯೇ ಬಿಸಿಯಾಗಿರುವಾಗ ಓಡಿಸಿದರೆ ಪ್ರಾಣಕ್ಕೇ ಸಂಚಕಾರ. ಇತ್ತೀಚೆಗೆ ಅಂದಕ್ಕೆ ಮರುಳಾಗಿ ಹಸ್ಕಿಯನ್ನೇ ಕೊಂಡುತರುವವರೂ ಇದ್ದಾರೆ. ನಮಗೆ ಇದು ಸರಿತೋರದು: ದೊಡ್ಡ ಮೈ, ಇಮ್ಮಡಿ ತುಪ್ಪುಳ, ತೂಕಕ್ಕೆ ಹೋಲಿಸಿದರೆ ಕಡಮೆ ಹೊರಮೈ, ಅಲಾಸ್ಕದಲ್ಲಿ ಅದನ್ನು ಕಾಯುವುದೆಲ್ಲವೂ ಇಲ್ಲಿ ಅದಕ್ಕೆ ಶತ್ರು.

ಕೆಮ್ಮಿಗೆ ಕಾರಣ ಕೊರಳಪಟ್ಟಿ. ಗಾಡಿಯೆಳೆಯುವ ನಾಯಿಗೆ ಎದೆಯ ಮೇಲೂ ಭುಜದ ಮೇಲೂ ಭಾರ ಬೀಳುವಂತೆ ಪಟ್ಟಿ ಹಾಕುತ್ತಾರೆ. ಪುಟ್ಟ ತಳಿಗಳ ಉಸಿರುಗೊಳವೆ ದುರ್ಬಲ. ಪದೇ ಪದೇ ಒತ್ತಿದರೆ ಅದು ಚಪ್ಪಟೆಯಾಗುವ ರೋಗ ಉಲ್ಬಣಿಸುವುದು. ಇದನ್ನು ಹುಡುಗನಿಗೆ ತಿಳಿಸಿ ಹಗ್ಗವನ್ನು ಬಿಚ್ಚಿಸಿದೆವು. ಸಂಜೆ ನಾವು ಹೊರಡುವ ವೇಳೆಗೆ ನಾಯಿ ಗರಿಯ ಮೇಲೆ ಕುಳಿತಿದ್ದಿತು; ಹಗ್ಗ ಹುಡುಗನ ಕೈಯಲ್ಲಿದ್ದಿತು.