ವಿಶ್ವದಲ್ಲಿ ನಮ್ಮ ನೆಲೆ

ಇರುಳ ಬಾನನ್ನು ನೋಡಿ ಬೆರಗಾಗದ ಮನುಷ್ಯನಿಲ್ಲ. ಬೇಸಾಯಗಾರನಿಗೆ ಅದು ಮಳೆಬೆಳೆಯ ಪಂಚಾಂಗ; ನಾವಿಕನಿಗೆ ದಾರಿಯ ಗುರುತು; ವಿಚಾರಶೀಲನಿಗೆ ತಾನು ಎಲ್ಲಿರುವೆನೆಂಬ ಪ್ರಶ್ನೆಯ ಮೂಲ. ವಸಂತಪುರವು ಬೆಂಗಳೂರಿನ ದಕ್ಷಿಣದಂಚಿನ ಹಳ್ಳಿಯಾಗಿದ್ದ ದಿನಗಳಲ್ಲಿ, ಅಮಾವಾಸ್ಯೆಯ ರಾತ್ರಿ ಅಂಗಳದಲ್ಲಿ ನಿಂತವರಿಗೆ ಬಾನಿನ ಒಂದಂಚಿನಿಂದ ಇನ್ನೊಂದಂಚಿಗೆ ಹಬ್ಬಿದ ಹಾಲುಬಣ್ಣದ ಬೆಳಕಿನ ಪಟ್ಟಿ ಗೋಚರಿಸುತ್ತಿದ್ದಿತು. ಇಂದು ನಗರದ ದೀಪಗಳ ಪ್ರಭೆಯಲ್ಲಿ ಅದು ಮರೆಯಾಗಿದೆ. ಇಲ್ಲಿಯೇ ಹುಟ್ಟಿ ಬೆಳೆಯುವ ಮಕ್ಕಳಲ್ಲಿ ಬಹುಮಂದಿ ಅದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ಬಲ್ಲರು. ಕಣ್ಣಿಗೆ ಮರೆಯಾದುದನ್ನು ಬುದ್ಧಿಗಾದರೂ ಪರಿಚಯಿಸಿಕೊಡುವುದು ವಿದ್ಯಾಲಯಗಳ ಕರ್ತವ್ಯವಾಗುತ್ತದೆ.

ಆ ಬೆಳಕಿನ ಪಟ್ಟಿಯೇ ಆಕಾಶಗಂಗೆ. ಅದು ಅಸಂಖ್ಯ ನಕ್ಷತ್ರಗಳ ಸಮೂಹವೆಂಬುದನ್ನು ಗೆಲಿಲಿಯೋ ತನ್ನ ದೂರದರ್ಶಕದಿಂದ ಕಂಡು 1610ರಲ್ಲಿ ಪ್ರಕಟಿಸಿದನು. ನಕ್ಷತ್ರಗಳು, ಅನಿಲ ಮತ್ತು ಧೂಳು ಗುರುತ್ವಾಕರ್ಷಣೆಯಿಂದ ಬಂಧಿತವಾಗಿರುವ ಇಂಥ ಮಹಾಸಮೂಹಕ್ಕೆ ಗ್ಯಾಲಕ್ಸಿ ಎಂದು ಹೆಸರು. ನಮ್ಮ ಗ್ಯಾಲಕ್ಸಿಯ ಆಕಾರ ಚಪ್ಪಟೆಯಾದ ತಟ್ಟೆಯಂತಿದೆ. ತಟ್ಟೆಯ ಒಳಗೇ ಇರುವ ನಾವು ಅದನ್ನು ಅಂಚಿನ ನೇರದಲ್ಲಿ ನೋಡುವುದರಿಂದ ಅದು ಪಟ್ಟಿಯಂತೆ ತೋರುತ್ತದೆ.

ಇದರ ಗಾತ್ರವನ್ನು ಕಿಲೋಮೀಟರುಗಳಲ್ಲಿ ಹೇಳುವುದು ನಿರರ್ಥಕ. ಬೆಳಕು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರ್ ಚಲಿಸುತ್ತದೆ. ಒಂದು ವರ್ಷದಲ್ಲಿ ಅದು ಕ್ರಮಿಸುವ ದೂರವೇ ಜ್ಯೋತಿರ್ವರ್ಷ. ಸೂರ್ಯನಿಗೂ ಭೂಮಿಗೂ ಇರುವ ಅಂತರವನ್ನು ಒಂದು ಮೀಟರ್ ಎಂದು ಭಾವಿಸಿದರೆ, ಸೂರ್ಯನಿಗೆ ಅತಿ ಸಮೀಪದ ನಕ್ಷತ್ರವು ಬೆಂಗಳೂರಿನಿಂದ ದಾವಣಗೆರೆಯಷ್ಟು ದೂರದಲ್ಲಿರುತ್ತದೆ. ಅದೇ ಅಳತೆಯಲ್ಲಿ ಆಕಾಶಗಂಗೆಯ ವ್ಯಾಸವು ಭೂಮಿಯಿಂದ ಚಂದ್ರನಿಗಿರುವ ನಿಜವಾದ ದೂರದ ಹದಿನಾರು ಪಟ್ಟಿಗೂ ಮಿಗಿಲಾಗುತ್ತದೆ! ವಾಸ್ತವದಲ್ಲಿ ಈ ವ್ಯಾಸ ಸುಮಾರು 1 ಲಕ್ಷ ಜ್ಯೋತಿರ್ವರ್ಷ. ಅದರಲ್ಲಿ 10,000 ಕೋಟಿಗೆ ಕಡಿಮೆಯಿಲ್ಲದಷ್ಟು ನಕ್ಷತ್ರಗಳಿವೆ. ನಮ್ಮ ಸೂರ್ಯನು ಇದರ ಕೇಂದ್ರದಲ್ಲಿಲ್ಲ. ಅಲ್ಲಿಂದ ಸುಮಾರು 26,000 ಜ್ಯೋತಿರ್ವರ್ಷಗಳಾಚೆ, ಒಂದು ಬದಿಯ ಬಡಾವಣೆಯ ನಿವಾಸಿಯಂತೆ ಇದ್ದಾನೆ. ಕೇಂದ್ರವನ್ನು ಒಂದು ಬಾರಿ ಸುತ್ತಿಬರಲು ಅವನಿಗೆ ಇಪ್ಪತ್ತು ಕೋಟಿಗೂ ಹೆಚ್ಚು ವರ್ಷಗಳು ಬೇಕು.

ಆಕಾಶಗಂಗೆಯೇ ಸಮಸ್ತ ವಿಶ್ವವೆಂದು ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಅನೇಕ ಪಂಡಿತರು ನಂಬಿದ್ದರು. ಹೆನ್ರಿಯೆಟಾ ಲೆವಿಟ್ ಎಂಬ ವಿದುಷಿಯು ಬೆಳಗಿ ಮಂಕಾಗುವ ಒಂದು ಜಾತಿಯ ನಕ್ಷತ್ರಗಳ ಅವಧಿಗೂ ನೈಜ ಪ್ರಕಾಶಕ್ಕೂ ಇರುವ ಸಂಬಂಧವನ್ನು ಕಂಡುಹಿಡಿದು, 1912ರಲ್ಲಿ ದೂರಮಾಪನಕ್ಕೆ ದಾರಿ ತೆರೆದಳು. ದೀಪದ ನಿಜವಾದ ಕಾಂತಿ ತಿಳಿದಿದ್ದರೆ, ಅದು ಕಾಣುವ ಮಂಕಿನಿಂದ ಎಷ್ಟು ದೂರದಲ್ಲಿದೆಯೆಂದು ಎಣಿಸಬಹುದಷ್ಟೆ. ಈ ಸೂತ್ರವನ್ನು ಹಿಡಿದು ಎಡ್ವಿನ್ ಹಬಲ್ 1923ರಲ್ಲಿ ದೇವಯಾನಿ ನಕ್ಷತ್ರಪುಂಜದ ನೀಹಾರಿಕೆಯಲ್ಲಿ ಅಂಥ ನಕ್ಷತ್ರವೊಂದನ್ನು ಗುರುತಿಸಿದನು. ಆ ನೀಹಾರಿಕೆ ಆಕಾಶಗಂಗೆಯ ಹೊರಗಿರುವ ಇನ್ನೊಂದು ಗ್ಯಾಲಕ್ಸಿ ಎಂಬುದು ಸಿದ್ಧವಾಯಿತು. ಅದರ ದೂರ ಸುಮಾರು 25 ಲಕ್ಷ ಜ್ಯೋತಿರ್ವರ್ಷವೆಂದು ಇಂದಿನ ಎಣಿಕೆ.

ಮನೆಗಳು ಸೇರಿ ಊರು, ಊರುಗಳು ಸೇರಿ ನಾಡು ಆಗುವಂತೆ ಗ್ಯಾಲಕ್ಸಿಗಳೂ ಗುಂಪುಗೂಡಿವೆ. ಆಕಾಶಗಂಗೆಯೂ ದೇವಯಾನಿಯೂ ಸೇರಿದ ಸ್ಥಳೀಯ ಗುಂಪನ್ನು ಒಳಗೊಂಡ ಮಹಾಸಮೂಹಕ್ಕೆ 2014ರಲ್ಲಿ ‘ಲಾನಿಯಾಕಿಯ’ ಎಂದು ಹೆಸರಿಡಲಾಯಿತು. ಅದರ ವಿಸ್ತಾರ ಸುಮಾರು 52 ಕೋಟಿ ಜ್ಯೋತಿರ್ವರ್ಷ. 2017ರಲ್ಲಿ ಭಾರತೀಯ ವಿಜ್ಞಾನಿಗಳು ಸುಮಾರು 400 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಇನ್ನೊಂದು ಮಹಾಸಮೂಹವನ್ನು ಕಂಡು ಅದಕ್ಕೆ ‘ಸರಸ್ವತಿ’ ಎಂದು ನಾಮಕರಣ ಮಾಡಿದರು.

ಈ ಅನ್ವೇಷಣೆಯಲ್ಲಿ ಕನ್ನಡನಾಡಿನ ಪಾತ್ರ ಸಣ್ಣದಲ್ಲ. ಸರ್ ಸಿ. ವಿ. ರಾಮನ್ ಅವರು 1948ರಲ್ಲಿ ಸ್ಥಾಪಿಸಿದ ರಾಮನ್ ಸಂಶೋಧನ ಸಂಸ್ಥೆ ಮತ್ತು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆ ಎರಡೂ ಬೆಂಗಳೂರಿನಲ್ಲಿವೆ. ಇವೆರಡೂ ಕೂಡಿ 1970ರ ದಶಕದಲ್ಲಿ ಗೌರಿಬಿದನೂರಿನ ಬಳಿ ಸಾವಿರ ಆಂಟೆನಾಗಳ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಲಡಾಖಿನ ಹಾನ್ಲೆಯಲ್ಲಿ ಸುಮಾರು 4,500 ಮೀಟರ್ ಎತ್ತರದಲ್ಲಿರುವ ದೂರದರ್ಶಕವನ್ನು ಹೊಸಕೋಟೆಯಲ್ಲಿ ಕುಳಿತೇ ಉಪಗ್ರಹ ಸಂಪರ್ಕದ ಮೂಲಕ ನಡೆಸಲಾಗುತ್ತದೆ. 2015ರ ಸೆಪ್ಟೆಂಬರಿನಲ್ಲಿ ಬಾನಿಗೇರಿದ ಆಸ್ಟ್ರೋಸ್ಯಾಟ್ ಉಪಗ್ರಹದ ನೇರಳಾತೀತ ದೂರದರ್ಶಕವನ್ನು ಸಿದ್ಧಪಡಿಸುವಲ್ಲಿಯೂ ಖಭೌತ ಸಂಸ್ಥೆಯ ಶ್ರಮವೇ ಮುಂದಿದ್ದಿತು. 930 ಕೋಟಿ ಜ್ಯೋತಿರ್ವರ್ಷ ದೂರದ ಗ್ಯಾಲಕ್ಸಿಯೊಂದರಿಂದ ಹೊರಟ ನೇರಳಾತೀತ ಕಿರಣಗಳನ್ನು ಆ ಉಪಗ್ರಹವು ಗುರುತಿಸಿದ ವಾರ್ತೆ 2020ರಲ್ಲಿ ಪ್ರಕಟವಾಯಿತು.

ಇವೆಲ್ಲಕ್ಕಿಂತ ಮನನೀಯವಾದುದು ಶರಾವತಿಯ ಹಿನ್ನೀರಿನಲ್ಲಿ ನಡೆದ ಪ್ರಯೋಗ. ವಿಶ್ವದ ವಯಸ್ಸು ಸುಮಾರು 1,380 ಕೋಟಿ ವರ್ಷ. ಅದರ ಶೈಶವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡಾಗ ಸುತ್ತಲಿನ ಜಲಜನಕದ ಮೇಲೆ ಅವು ಒಂದು ಮುದ್ರೆಯನ್ನೊತ್ತಿರಬೇಕು. ಜಲಜನಕದ ಸಹಜ ರೇಡಿಯೋ ತರಂಗದ ಉದ್ದ 21 ಸೆಂಟಿಮೀಟರ್. ವಿಶ್ವವು ಹಿಗ್ಗುತ್ತ ಬಂದುದರಿಂದ ಅದು ನಮ್ಮನ್ನು ತಲಪುವ ವೇಳೆಗೆ ಹಲವು ಮೀಟರುಗಳಷ್ಟು ಉದ್ದವಾಗುತ್ತದೆ. ಅಮೆರಿಕದ ತಂಡವೊಂದು ಆಸ್ಟ್ರೇಲಿಯದಲ್ಲಿ ಇರಿಸಿದ್ದ ಉಪಕರಣದಿಂದ ಈ ಮುದ್ರೆಯನ್ನು ಕಂಡೆವೆಂದು 2018ರಲ್ಲಿ ಘೋಷಿಸಿತು. ಆದರೆ ಅದು ನಿರೀಕ್ಷೆಗಿಂತ ಎರಡು ಪಟ್ಟಿನಷ್ಟು ಪ್ರಬಲವಾಗಿದ್ದಿತು. ಅದು ನಿಜವಾಗಿದ್ದರೆ ಭೌತವಿಜ್ಞಾನದ ಕೆಲವು ಅಧ್ಯಾಯಗಳನ್ನೇ ತಿದ್ದಬೇಕಾಗುತ್ತಿದ್ದಿತು.

ಪರೀಕ್ಷಿಸದೆ ಒಪ್ಪುವುದು ವಿಜ್ಞಾನದ ಮಾರ್ಗವಲ್ಲ. ರಾಮನ್ ಸಂಸ್ಥೆಯ ವಿಜ್ಞಾನಿಗಳು ‘ಸಾರಸ್’ ಎಂಬ ತಮ್ಮ ಉಪಕರಣವನ್ನು ತೆಪ್ಪದ ಮೇಲಿರಿಸಿ, 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿಯೂ ಶರಾವತಿಯ ಹಿನ್ನೀರಿನಲ್ಲಿಯೂ ತೇಲಿಬಿಟ್ಟರು. ನೆಲದೊಳಗಿನ ಕಲ್ಲುಮಣ್ಣಿನ ಪದರಗಳು ತರಂಗಗಳನ್ನು ಅಸಮವಾಗಿ ಪ್ರತಿಫಲಿಸಿ ಅಳತೆಯನ್ನು ಕೆಡಿಸಬಲ್ಲವು. ನೀರಾದರೋ ಏಕರೂಪದ ಹಾಸು. ಅಲ್ಲದೆ ಈ ತರಂಗಗಳು ಎಫ್.ಎಂ. ಬಾನುಲಿಯ ನೆರೆಯಲ್ಲೇ ಇರುವುದರಿಂದ ಊರಿನ ಗದ್ದಲದಿಂದ ದೂರ ಹೋಗುವುದು ಅನಿವಾರ್ಯವಾಗಿದ್ದಿತು. 2022ರ ಫೆಬ್ರವರಿಯಲ್ಲಿ ಫಲಿತಾಂಶ ಹೊರಬಂದಿತು. ಘೋಷಿತ ಮುದ್ರೆ ಸಾರಸ್‌ಗೆ ಕಾಣಿಸಲಿಲ್ಲ. ಅದು ವಿಶ್ವದ ಆದಿಯಿಂದ ಬಂದುದಲ್ಲವೆಂದು ಶೇಕಡ 95.3ರ ವಿಶ್ವಾಸದಿಂದ ತಂಡವು ಸಾರಿತು. ಹೊಸದನ್ನು ಕಾಣುವುದು ಎಷ್ಟು ಹಿರಿದೋ, ಇಲ್ಲದುದನ್ನು ಇಲ್ಲವೆಂದು ಸಾಧಾರವಾಗಿ ಹೇಳುವುದೂ ಅಷ್ಟೇ ಹಿರಿದು. ನಿಜವಾದ ಮುದ್ರೆಯ ಹುಡುಕಾಟ ಮುಗಿದಿಲ್ಲ.

ವಿಶ್ವದಲ್ಲಿ ನಮ್ಮ ನೆಲೆ ಅತ್ಯಲ್ಪವೆಂದು ತಿಳಿದಾಗ ಕುಗ್ಗಬೇಕಾಗಿಲ್ಲ. ಆ ಅಲ್ಪ ನೆಲೆಯಲ್ಲಿ ನಿಂತೇ ಮನುಷ್ಯನು ಇಷ್ಟನ್ನು ಅಳೆದಿದ್ದಾನೆ. ಈ ಸಾಹಸವನ್ನು ಮುಂದುವರಿಸತಕ್ಕವರು ಇಂದು ತರಗತಿಗಳಲ್ಲಿ ಕುಳಿತಿರುವ ಮಕ್ಕಳೇ. ಉಪಾಧ್ಯಾಯರು ವರ್ಷಕ್ಕೊಮ್ಮೆಯಾದರೂ ಅಮಾವಾಸ್ಯೆಯ ಆಸುಪಾಸಿನಲ್ಲಿ ಅವರನ್ನು ನಗರದ ದೀಪಗಳಿಂದಾಚೆ ಕರೆದೊಯ್ದು ಆಕಾಶಗಂಗೆಯನ್ನು ತೋರಿಸಲಿ. ಹಿರಿಯ ವಿದ್ಯಾರ್ಥಿಗಳೂ ದಾನಿಗಳೂ ಶಾಲೆಗೊಂದು ಸಣ್ಣ ದೂರದರ್ಶಕವನ್ನು ಒದಗಿಸಲಿ. ಕಣ್ಣಾರೆ ಕಂಡ ಒಂದು ರಾತ್ರಿಯು ಹತ್ತು ಪಾಠಗಳಿಗೆ ಸಮ.