ವಾಲಿಸಿ ನೋಡಬೇಕಾದ ಚಿತ್ರ

ಹಂಗೇರಿ ಮೂಲದ ಡೆನ್ನಿಸ್ ಗಾಬೊರ್ 1947ರಲ್ಲಿ ಇಂಗ್ಲೆಂಡಿನಲ್ಲಿ ಹಾಲೊಗ್ರಫಿಯ ತತ್ವವನ್ನು ಕಂಡುಕೊಂಡು, ಅದಕ್ಕಾಗಿ 1971ರಲ್ಲಿ ನೊಬೆಲ್ ಪ್ರಶಸ್ತಿ ಪಡೆದರಾದರೂ, ಆ ತತ್ವದಿಂದ ಮೂಡುವ ಬಿಂಬವನ್ನು ಪ್ರಯೋಗಾಲಯದಿಂದ ಜನಸಾಮಾನ್ಯರ ಕೈಗೆ ತಲುಪಿಸಿದ ಶ್ರೇಯಸ್ಸು ಬಹುಮಟ್ಟಿಗೆ ಅಮೆರಿಕದ ಸ್ಟೀಫನ್ ಬೆಂಟನ್ ಅವರಿಗೆ ಸಲ್ಲಬೇಕು. ಛಾಯಾಚಿತ್ರವು ಬೆಳಕಿನ ತೀವ್ರತೆಯನ್ನಷ್ಟೇ ದಾಖಲಿಸಿದರೆ, ಹಾಲೊಗ್ರಾಮು ವಸ್ತುವಿನಿಂದ ಬಂದ ಅಲೆಯನ್ನು ಮತ್ತೊಂದು ಅಲೆಯೊಡನೆ ಕೂಡಿಸಿ, ಅಲ್ಲಿ ಮೂಡುವ ಅತಿಸೂಕ್ಷ್ಮ ಗೆರೆಗಳ ವ್ಯತಿಕರಣ ವಿನ್ಯಾಸವನ್ನು ಹಿಡಿದಿಡುತ್ತದೆ.

1960ರ ದಶಕದಲ್ಲಿ ಲೇಸರಿನಿಂದ ತಯಾರಾದ ಹಾಲೊಗ್ರಾಮುಗಳಲ್ಲಿ ಹಲವನ್ನು ನೋಡುವುದಕ್ಕೂ ಲೇಸರೇ ಬೇಕಾಗಿತ್ತು. ಪೋಲರಾಯ್ಡ್ ಸಂಸ್ಥೆಯಲ್ಲಿದ್ದ ಬೆಂಟನ್ 1968ರಲ್ಲಿ ದಾಖಲಿಸುವ ಬೆಳಕನ್ನು ಅಡ್ಡಲಾದ ಕಿರಿದಾದ ಸೀಳೊಂದರ ಮೂಲಕ ಹಾಯಿಸಿ, ತಲೆಯನ್ನು ಮೇಲೆ ಕೆಳಗೆ ಆಡಿಸಿದಾಗ ಕಾಣಬೇಕಾದ ನೋಟದ ವ್ಯತ್ಯಾಸವನ್ನು ಉದ್ದೇಶಪೂರ್ವಕವಾಗಿ ಬಿಟ್ಟುಕೊಟ್ಟರು. ಮನುಷ್ಯನ ಎರಡು ಕಣ್ಣುಗಳು ಅಕ್ಕಪಕ್ಕದಲ್ಲಿರುವುದರಿಂದ ಆಳದ ಅನುಭವಕ್ಕೆ ಎಡಬಲದ ವ್ಯತ್ಯಾಸವೇ ಸಾಕಾಗುತ್ತದೆ. ಹೀಗೆ ಬಿಟ್ಟುಕೊಟ್ಟದ್ದಕ್ಕೆ ಪ್ರತಿಯಾಗಿ ಚಿತ್ರವು ಸಾಮಾನ್ಯ ಬಿಳಿ ಬೆಳಕಿನಲ್ಲಿಯೇ ಕಾಣತೊಡಗಿತು, ಮೇಲೆ ಕೆಳಗೆ ವಾಲಿಸಿದಂತೆಲ್ಲ ಕಾಮನಬಿಲ್ಲಿನ ಬಣ್ಣಗಳು ಒಂದಾದ ಮೇಲೊಂದರಂತೆ ಬಂದವು. ಏನನ್ನು ಬಿಡಬಹುದೆಂಬ ಈ ವಿವೇಕವೇ ಹಾಲೊಗ್ರಫಿಯ ಇತಿಹಾಸದಲ್ಲಿ ಅತ್ಯಂತ ಫಲಪ್ರದವಾದ ನಿರ್ಧಾರವೆನ್ನಬೇಕು.

ಹಾಲೊಗ್ರಾಮಿನ ವ್ಯತಿಕರಣ ವಿನ್ಯಾಸವನ್ನು ಬೆಳಕಿಗೆ ಸ್ಪಂದಿಸುವ ರಾಳದಲ್ಲಿ ಏರುತಗ್ಗುಗಳಾಗಿ ಮೂಡಿಸಿ, ಅದರ ಮೇಲೆ ವಿದ್ಯುಲ್ಲೇಪನದಿಂದ ನಿಕ್ಕಲ್ ಅಚ್ಚನ್ನು ಬೆಳೆಸಿ, ಬಿಸಿಯಾದ ಪ್ಲಾಸ್ಟಿಕ್ ಹಾಳೆಗೆ ಒತ್ತಿ, ಅಲ್ಯೂಮಿನಿಯಂ ಲೇಪ ಕೊಟ್ಟರೆ ಅಗ್ಗದ ಪ್ರತಿಗಳು ಸಿದ್ಧವಾಗುತ್ತವೆ. ಗೆರೆಗಳ ನಡುವಿನ ಅಂತರ ಸುಮಾರು 1 ಮೈಕ್ರೊಮೀಟರ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಆಳವು ಅದಕ್ಕಿಂತಲೂ ಕಡಿಮೆ. ಇಲ್ಲಿ ಶಾಯಿಯಿಲ್ಲ, ಬಣ್ಣ ಹುಟ್ಟುವುದು ಮೇಲ್ಮೈಯ ಆಕಾರದಿಂದಲೇ.

1983ರಲ್ಲಿ ಮಾಸ್ಟರ್‌ಕಾರ್ಡ್ ಸಂಸ್ಥೆಯು ಇಂಥ ಹಾಲೊಗ್ರಾಮನ್ನು ತನ್ನ ಕಾರ್ಡುಗಳ ಮೇಲೆ ಭದ್ರತಾ ಚಿಹ್ನೆಯಾಗಿ ಬಳಸಿತು. ಮರುವರ್ಷ ಮಾರ್ಚಿನಲ್ಲಿ ನ್ಯಾಷನಲ್ ಜಿಯೊಗ್ರಾಫಿಕ್ ಪತ್ರಿಕೆಯ ಮುಖಪುಟದಲ್ಲಿ ಹಾಲೊಗ್ರಾಮಿನ ಹದ್ದು ಕಾಣಿಸಿತು. ನೆರಳಚ್ಚು ಯಂತ್ರವು ಒಂದೇ ಕೋನದ ನೋಟವನ್ನು ಹಿಡಿಯಬಲ್ಲುದಾದ್ದರಿಂದ ಇಂಥ ಚಿತ್ರವನ್ನು ನಕಲಿಸಲಾರದು. ಆದರೆ ಗೆರೆಗಳು ತೆರೆದುಕೊಂಡರೆ ಅವುಗಳಿಂದಲೇ ಹೊಸ ಅಚ್ಚು ತೆಗೆಯಬಹುದು. ಆದುದರಿಂದ ಅವುಗಳನ್ನು ಪದರಗಳ ನಡುವೆ ಮುಚ್ಚಿ, ಕಿತ್ತರೆ ಹರಿಯುವಂತೆ ರಚಿಸುತ್ತಾರೆ. ಇಂದು ಎಲೆಕ್ಟ್ರಾನ್ ಕಿರಣದಿಂದ ಗೆರೆಗಳನ್ನು ಒಂದೊಂದಾಗಿ ಬರೆದು, ಲೇಸರ್ ವಿಧಾನಕ್ಕೆ ಎಟುಕದ ನ್ಯಾನೊ ರಚನೆಗಳನ್ನೂ ರೂಪಿಸಲಾಗುತ್ತಿದೆ.

ಇಷ್ಟೆಲ್ಲ ಶ್ರಮದ ರಕ್ಷಣೆಯು ಕೊನೆಗೆ ನೋಡುವವರನ್ನೇ ಅವಲಂಬಿಸಿದೆ. ಬರಿಯ ಹೊಳಪನ್ನು ಕಂಡು ತೃಪ್ತರಾಗುವ ಕಣ್ಣಿಗೆ ಸಾಧಾರಣ ಬೇಗಡೆಯ ನಕಲಿಯೂ ಅಸಲಿಯಂತೆಯೇ ತೋರುತ್ತದೆ. ಹಾಲೊಗ್ರಾಮಿರುವ ಚೀಟಿ ಕೈಗೆ ಬಂದಾಗ ಓದುಗರು ಅದನ್ನು ಬೆಳಕಿಗೆ ಹಿಡಿದು, ಎಡಬಲಕ್ಕೂ ಮೇಲೆ ಕೆಳಗೂ ವಾಲಿಸಿ, ಬಿಂಬವು ನಿಜವಾಗಿಯೂ ಬದಲಾಗುತ್ತದೆಯೇ ಎಂದು ಪರೀಕ್ಷಿಸಬೇಕು.