ಅಚ್ಚಿಗೆ ಹೊಯ್ದ ಜನ

ಕೃಷ್ಣರಾಜಪೇಟೆ ತಾಲ್ಲೂಕಿನ ಶೀಳನೆರೆಯ ಸುತ್ತಿನಲ್ಲಾಗಲಿ, ಪಾಂಡವಪುರದ ಕಡೆಯಲ್ಲಾಗಲಿ ಬೆಳೆದ ಮಕ್ಕಳಿಗೆ ಆಲೆಮನೆಯ ಪರಿಚಯ ಮಾಡಿಕೊಡಬೇಕಾಗಿಲ್ಲ. ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿದು ಪಾಕವಾಗುತ್ತದೆ. ಹದ ನೋಡಿ ಆ ಪಾಕವನ್ನು ಅಚ್ಚಿಗೆ ಹೊಯ್ದರೆ ಒಂದೇ ಆಕಾರದ, ಒಂದೇ ಅಳತೆಯ ಬೆಲ್ಲ ಸಾಲುಸಾಲಾಗಿ ದೊರೆಯುತ್ತದೆ. ಕಬ್ಬು ಯಾರ ಗದ್ದೆಯದು, ನೀರು ಕಾವೇರಿಯದೋ ಹೇಮಾವತಿಯದೋ ಎಂಬುದು ಅಚ್ಚಿಗೆ ಬೇಕಿಲ್ಲ. ಬೆಲ್ಲಕ್ಕೆ ಇದರಿಂದ ಯಾವ ಕುಂದೂ ಇಲ್ಲ. ಆದರೆ ಮನುಷ್ಯರನ್ನೂ ಹೀಗೆ ಅಚ್ಚಿಗೆ ಹೊಯ್ಯುವುದುಂಟು. ‘ಆ ದೇಶದವರೆಲ್ಲ ಜಿಪುಣರು’, ‘ಈ ನಾಡಿನವರೆಲ್ಲ ಮುಂಗೋಪಿಗಳು’ ಎಂಬ ಮಾತುಗಳು ಇಂಥ ಅಚ್ಚಿನಿಂದ ಹೊರಬಿದ್ದವು. ಇದಕ್ಕೆ ಇಂಗ್ಲಿಷಿನಲ್ಲಿ ‘ಸ್ಟೀರಿಯೊಟೈಪ್’ ಎಂದು ಹೆಸರು. ಅದು ಮೊದಲಿಗೆ ಮುದ್ರಣಾಲಯದ ಪದ. ಒಮ್ಮೆ ಎರಕ ಹೊಯ್ದು ಸಾವಿರಾರು ಪ್ರತಿಗಳನ್ನು ತೆಗೆಯಬಲ್ಲ ಲೋಹದ ಫಲಕಕ್ಕೆ ಆ ಹೆಸರಿತ್ತು. ಅಮೆರಿಕದ ಪತ್ರಕರ್ತ ವಾಲ್ಟರ್ ಲಿಪ್‌ಮನ್ 1922ರಲ್ಲಿ ಪ್ರಕಟವಾದ ತನ್ನ ‘ಪಬ್ಲಿಕ್ ಒಪಿನಿಯನ್’ ಎಂಬ ಗ್ರಂಥದಲ್ಲಿ ಅದನ್ನು ಮನಸ್ಸಿನೊಳಗಿನ ಸಿದ್ಧಚಿತ್ರಗಳಿಗೆ ಅನ್ವಯಿಸಿದನು. ಅಂದಿನಿಂದ ಆ ಅರ್ಥವೇ ರೂಢಿಗೆ ಬಂದಿತು.

ನಾಟಕಕ್ಕೂ ಅಚ್ಚಿಗೂ ಹಳೆಯ ನಂಟು. ಕಥಾನಾಯಕನನ್ನು ನಿಧಾನವಾಗಿ, ಹಲವು ಮುಖಗಳಿಂದ ಚಿತ್ರಿಸಲು ನಾಟಕಕಾರನಿಗೆ ಅವಕಾಶವಿರುತ್ತದೆ. ಎರಡೇ ದೃಶ್ಯಗಳಲ್ಲಿ ಬಂದು ಹೋಗುವ ಪರದೇಶಿಗೆ ಅಷ್ಟು ಸಮಯವೆಲ್ಲಿ? ರಂಗಕ್ಕೆ ಬಂದ ಕ್ಷಣವೇ ಪ್ರೇಕ್ಷಕರು ಅವನನ್ನು ಗುರುತಿಸಬೇಕು. ಆದ್ದರಿಂದ ಪ್ರೇಕ್ಷಕರ ಮನಸ್ಸಿನಲ್ಲಿ ಮೊದಲೇ ಇರುವ ಚಿತ್ರವನ್ನೇ ಅವನಿಗೆ ತೊಡಿಸಿ ಕಳುಹಿಸಲಾಗುತ್ತದೆ. ಹೀಗೆ ವೇಷ ತೊಟ್ಟು ಪರದೇಶದ ರಂಗವನ್ನೇರಿದ ಊರುಗಳಲ್ಲಿ ಶ್ರೀರಂಗಪಟ್ಟಣವೂ ಒಂದು.

1791ರ ಮಾರ್ಚಿಯಲ್ಲಿ ಲಾರ್ಡ್ ಕಾರ್ನ್‌ವಾಲಿಸನ ಸೈನ್ಯ ಬೆಂಗಳೂರಿನ ಕೋಟೆಯನ್ನು ಹಿಡಿಯಿತು. ಆ ವರ್ಷವೇ ಲಂಡನ್ನಿನ ಕೋವೆಂಟ್ ಗಾರ್ಡನ್ ರಂಗಮಂದಿರದಲ್ಲಿ ‘ಟಿಪ್ಪೂ ಸಾಯಿಬ್, ಅಥವಾ ಭಾರತದಲ್ಲಿ ಬ್ರಿಟಿಷರ ಶೌರ್ಯ’ ಎಂಬರ್ಥದ ಹೆಸರಿನ ಪ್ರದರ್ಶನ ನಡೆಯಿತು. ಮರುವರ್ಷ ಆಸ್ಟ್ಲಿ ಎಂಬಾತನ ರಂಗಮಂದಿರದಲ್ಲಿ ಬೆಂಗಳೂರಿನ ಮುತ್ತಿಗೆಯೇ ನಾಟಕವಾಯಿತು. ಈ ಫಿಲಿಪ್ ಆಸ್ಟ್ಲಿ ಕುದುರೆ ಸೈನ್ಯದಲ್ಲಿದ್ದು ನಿವೃತ್ತನಾದವನು. ಆಧುನಿಕ ಸರ್ಕಸ್ಸಿನ ಮೂಲಪುರುಷನೆಂದು ಹೆಸರಾದವನು. ಅವನ ರಂಗದಲ್ಲಿ ಮಾತಿಗಿಂತ ಕುದುರೆಗಳ ಓಟ, ಫಿರಂಗಿಗಳ ಸದ್ದು, ಬೆಂಕಿಯ ಆಟಗಳೇ ಹೆಚ್ಚು. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನನು ಮಡಿದ ಸುದ್ದಿ ಹಡಗಿನಲ್ಲಿ ಲಂಡನ್ನಿಗೆ ಮುಟ್ಟಲು ತಿಂಗಳುಗಳೇ ಹಿಡಿದವು. ಮುಟ್ಟಿದ ಮೇಲೆ ನಾಟಕವಾಗಲು ಹೆಚ್ಚು ದಿನ ಬೇಕಾಗಲಿಲ್ಲ. ಕೋಟೆಯ ಲಗ್ಗೆ ಅದೇ ವರ್ಷ ಆಸ್ಟ್ಲಿಯ ರಂಗವನ್ನೇರಿತು. 1800ರಲ್ಲಿ ರಾಬರ್ಟ್ ಕರ್ ಪೋರ್ಟರ್ ಎಂಬ ತರುಣ ಚಿತ್ರಕಾರನು ಸುಮಾರು 120 ಅಡಿ ಉದ್ದದ ಬಟ್ಟೆಯ ಮೇಲೆ ಅದೇ ಲಗ್ಗೆಯನ್ನು ಬರೆದು ಪ್ರದರ್ಶನಕ್ಕಿಟ್ಟನು. ಅವನು ಅದಕ್ಕೆ ಮೊದಲು ಭಾರತದ ನೆಲವನ್ನು ಮೆಟ್ಟಿದವನಲ್ಲ. ಟಿಪ್ಪುವಿನ ಕಥೆ 1820ರ ದಶಕದಲ್ಲಿಯೂ ಲಂಡನ್ನಿನ ರಂಗದಿಂದ ಇಳಿದಿರಲಿಲ್ಲ.

ಈ ಪ್ರದರ್ಶನಗಳಲ್ಲಿ ಶ್ರೀರಂಗಪಟ್ಟಣವೆಂದರೆ ಪೂರ್ವದೇಶದ ಒಂದು ಕ್ರೂರ ಅರಮನೆ. ಅದರ ದೊರೆ ನಿರಂಕುಶನಾದ ಹುಲಿ. ಬ್ರಿಟಿಷ್ ಸೇನಾನಿ ಧೀರ ಮತ್ತು ದಯಾಳು. ಇದಕ್ಕೆ ಹೊಂದದ ಸಂಗತಿಗಳಿಗೆ ಅಲ್ಲಿ ಎಡೆಯಿರಲಿಲ್ಲ. ಕಬ್ಬಿಣದ ಕೊಳವೆಯ ರಾಕೆಟ್ಟುಗಳನ್ನು ಯುದ್ಧಕ್ಕೆ ಬಳಸಿದ, ಫ್ರಾನ್ಸಿನ ಆಸ್ಥಾನಕ್ಕೆ 1787ರಲ್ಲಿ ರಾಯಭಾರಿಗಳನ್ನು ಕಳುಹಿಸಿದ, ರೇಷ್ಮೆಯ ಸಾಕಣೆಗೆ ಪ್ರೋತ್ಸಾಹವಿತ್ತ, ಶೃಂಗೇರಿಯ ಗುರುಗಳಿಗೆ ಕನ್ನಡದಲ್ಲಿ ವಿನಯದ ಪತ್ರಗಳನ್ನು ಬರೆಸಿದ ಅರಸನೂ, ಕೊಡಗು ಮತ್ತು ಮಲಬಾರುಗಳ ಮೇಲೆ ನಿಷ್ಠುರವಾದ ದಂಡಯಾತ್ರೆ ನಡೆಸಿದ ಅರಸನೂ ಒಬ್ಬನೇ. ಇಷ್ಟು ತೊಡಕಾದ ಮನುಷ್ಯನನ್ನು ಕುದುರೆಗಳ ನಡುವೆ ಅರ್ಧ ಗಂಟೆಯಲ್ಲಿ ತೋರಿಸುವುದು ಆಸ್ಟ್ಲಿಗೆ ಸಾಧ್ಯವೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

ಇನ್ನೊಂದು ಪಕ್ಷದವರು ಮಾತ್ರ ಅಚ್ಚನ್ನು ಮುಟ್ಟಲೇ ಇಲ್ಲವೆಂದು ತಿಳಿಯಬಾರದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಪಶ್ಚಿಮದ ಗೋಡೆಯ ಮೇಲೆ 1780ರ ಪೊಲ್ಲಿಲೂರು ಯುದ್ಧದ ಚಿತ್ರವಿದೆ. ಆ ಯುದ್ಧದಲ್ಲಿ ಹೈದರನೂ ಟಿಪ್ಪುವೂ ಕರ್ನಲ್ ಬೈಲಿಯ ಪಡೆಯನ್ನು ಸೋಲಿಸಿದರು. ಚಿತ್ರದಲ್ಲಿ ಬೈಲಿಯು ಪಲ್ಲಕ್ಕಿಯಲ್ಲಿ ಕುಳಿತು ದಿಗಿಲಿನಿಂದ ಬೆರಳು ಕಚ್ಚುತ್ತಿದ್ದಾನೆ. ಅವನ ಸಿಪಾಯಿಗಳೆಲ್ಲ ಒಂದೇ ಕೆಂಪು ಅಂಗಿಯವರು, ಮೀಸೆಯಿಲ್ಲದ ಒಂದೇ ಮುಖದವರು. ಮೈಸೂರಿನ ಸವಾರರಿಗೆ ಮಾತ್ರ ಮೀಸೆಯ ಸೊಬಗು. ಆ ಕಾಲದ ನೋಟಕ್ಕೆ ಮೀಸೆಯಿಲ್ಲದ ಗಂಡಸು ನಗೆಪಾಟಲು ಎಂಬುದನ್ನು ನೆನೆದರೆ ಚಿತ್ರಕಾರನ ಕುಚೋದ್ಯ ತಿಳಿಯುತ್ತದೆ. ವಿಶೇಷವೆಂದರೆ, ಕೋಟೆ ಬಿದ್ದ ಮೇಲೆ ಅದೇ ಅರಮನೆಯಲ್ಲಿ ವಾಸವಾಗಿದ್ದ ಆರ್ಥರ್ ವೆಲ್ಲೆಸ್ಲಿಯು ಮಾಸಿಹೋಗಿದ್ದ ಆ ಚಿತ್ರವನ್ನು ಸರಿಪಡಿಸಿದನು. ತನ್ನವರ ಸೋಲನ್ನೂ ತನ್ನವರ ಮೇಲಿನ ಅಣಕವನ್ನೂ ದಿನವೂ ನೋಡುತ್ತ ಬಾಳಿದ ಇಂಥ ಅಧಿಕಾರಿಗಳು ಚರಿತ್ರೆಯಲ್ಲಿ ವಿರಳ.

ಅಣಕಕ್ಕೆ ಗುರಿಯಾದವನು ಅಣಕವನ್ನು ಕಂಡ ಪ್ರಸಂಗ ಅದು. ಲಂಡನ್ನಿನ ನಾಟಕಗಳ ವಿಷಯದಲ್ಲಿ ಅದು ನಡೆಯಲಿಲ್ಲ. ಗಂಜಾಮಿನ ನೇಕಾರನೋ ಪಾಲಹಳ್ಳಿಯ ಒಕ್ಕಲಿಗನೋ ತನ್ನ ಊರನ್ನು ಆ ರಂಗದ ಮೇಲೆ ಹೇಗೆ ತೋರಿಸಿದರೆಂದು ತಿಳಿಯುವಂತಿರಲಿಲ್ಲ. ತಿಳಿದಿದ್ದರೂ ‘ಇದು ಸುಳ್ಳು’ ಎಂದು ಹೇಳಲು ಅವನಿಗೆ ದಾರಿಯಿರಲಿಲ್ಲ. ಚಿತ್ರಿಸುವವರಿಗೂ ಚಿತ್ರಿತರಾದವರಿಗೂ ನಡುವೆ ಸಮುದ್ರಗಳಿದ್ದವು. ಆ ದೂರವೇ ನಾಟಕಕಾರನ ಧೈರ್ಯವಾಗಿತ್ತು.

ಈ ದೂರ ಅಳಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ಇಂದು ದಕ್ಷಿಣ ಕೊರಿಯಾದ ಕಡೆ ನೋಡಬೇಕು. ಆ ದೇಶದ ದೂರದರ್ಶನ ಧಾರಾವಾಹಿಗಳು ಮೊದಲು ತಮ್ಮ ಮನೆಯ ನೋಡುಗರಿಗಾಗಿಯೇ ಸಿದ್ಧವಾಗುತ್ತಿದ್ದವು. ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಅವು ಜಪಾನ್, ಚೀನಾ ಮತ್ತು ಆಗ್ನೇಯ ಏಷ್ಯಾದಲ್ಲಿ ಜನಪ್ರಿಯವಾದವು. ಈಗ ಅಂತರಜಾಲದ ಮೂಲಕ ಅವುಗಳಲ್ಲಿ ಅನೇಕವು ಪ್ರಸಾರವಾದ ದಿನವೇ ಪ್ರಪಂಚದ ಮೂಲೆಮೂಲೆಗೆ ಮುಟ್ಟುತ್ತವೆ. ಮಂಡ್ಯ ಜಿಲ್ಲೆಯ ವಿದ್ಯಾರ್ಥಿಯೂ ಕೈಯಲ್ಲಿನ ಮೊಬೈಲಿನಲ್ಲಿ ಅವನ್ನು ನೋಡಬಹುದು. ಕಥೆಯಲ್ಲಿ ಬರುವ ಪರದೇಶಿಯ ದೇಶಬಾಂಧವನೂ ಈಗ ಪ್ರೇಕ್ಷಕರ ಸಾಲಿನಲ್ಲಿಯೇ ಕುಳಿತಿದ್ದಾನೆ.

2021ರಲ್ಲಿ ಎಸ್‌ಬಿಎಸ್ ವಾಹಿನಿಯು ‘ರಾಕೆಟ್ ಬಾಯ್ಸ್’ ಎಂಬ ಧಾರಾವಾಹಿಯನ್ನು ಪ್ರಸಾರ ಮಾಡಿತು. ಕೊರಿಯಾದ ದಕ್ಷಿಣ ತುದಿಯಲ್ಲಿರುವ ಹೇನಾಮ್ ಎಂಬ ಗ್ರಾಮೀಣ ಪ್ರದೇಶದ ಶಾಲಾಮಕ್ಕಳ ಬ್ಯಾಡ್ಮಿಂಟನ್ ತಂಡದ ಕಥೆ ಅದು. ಹಳ್ಳಿಯ ಮುದುಕರು, ಅವರ ಗದ್ದೆ ತೋಟಗಳು, ಅವರ ಗೊಣಗಾಟ ಎಲ್ಲವನ್ನೂ ಅಕ್ಕರೆಯಿಂದ ಚಿತ್ರಿಸಿದ ಕೃತಿ. ಐದನೆಯ ಕಂತಿನಲ್ಲಿ ಕಥೆ ಇಂಡೊನೇಷ್ಯಕ್ಕೆ ಹೋಗುತ್ತದೆ. ಅಲ್ಲಿಯ ಆತಿಥೇಯರು ಕೊರಿಯದ ತಂಡಕ್ಕೆ ಬೇಕೆಂದೇ ಕಳಪೆ ವಸತಿಯನ್ನೂ ಹಳೆಯ ಅಭ್ಯಾಸದ ಅಂಗಳವನ್ನೂ ಕೊಟ್ಟರೆಂದು ಪಾತ್ರಗಳು ದೂರುತ್ತವೆ. ಪ್ರೇಕ್ಷಕರು ಎದುರಾಳಿಯನ್ನು ಹೀಯಾಳಿಸುತ್ತಾರೆ. ಇಂಡೊನೇಷ್ಯದವರಿಗೆ ಬ್ಯಾಡ್ಮಿಂಟನ್ ಎಂದರೆ ಕೇವಲ ಆಟವಲ್ಲ. ಅವರ ದೇಶಕ್ಕೆ ಒಲಿಂಪಿಕ್ಸಿನ ಮೊದಲ ಚಿನ್ನದ ಪದಕಗಳು 1992ರಲ್ಲಿ ಬಾರ್ಸಿಲೋನಾದಲ್ಲಿ ದೊರೆತದ್ದು ಆ ಆಟದಿಂದಲೇ. ತಮ್ಮ ಹೆಮ್ಮೆಯ ಅಂಗಳದಲ್ಲಿಯೇ ತಮ್ಮನ್ನು ಮೋಸಗಾರರೆಂದು ತೋರಿಸಿದ್ದು ಅವರಿಗೆ ಸಹನೆಯಾಗಲಿಲ್ಲ. ಪ್ರತಿಭಟನೆ ಬಲವಾದಾಗ ವಾಹಿನಿಯು ಕ್ಷಮೆ ಕೋರಿತು. ತಮ್ಮ ಹಳ್ಳಿಯನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಕಣ್ಣು ನೆರೆಯ ದೇಶವನ್ನು ಇಷ್ಟು ಒರಟಾಗಿ ಕಂಡಿತಲ್ಲ ಎಂಬುದೇ ಇಲ್ಲಿನ ಸೋಜಿಗ. ಪರಿಚಯವಿದ್ದಲ್ಲಿ ಮನುಷ್ಯರು, ಪರಿಚಯವಿಲ್ಲದಲ್ಲಿ ಅಚ್ಚು.

2023ರ ‘ಕಿಂಗ್ ದಿ ಲ್ಯಾಂಡ್’ ಎಂಬ ಧಾರಾವಾಹಿಯಲ್ಲಿ ಸಾಮಿರ್ ಎಂಬ ಅರಬ್ ರಾಜಕುಮಾರನ ಪಾತ್ರ ಬರುತ್ತದೆ. ಹಣವನ್ನು ನೀರಿನಂತೆ ಚೆಲ್ಲುವ, ಹೆಂಗಸರ ಬೆನ್ನು ಹತ್ತುವ, ಮದ್ಯದ ಮನೆಯಲ್ಲಿ ಕಾಲ ಕಳೆಯುವ ವಿಲಾಸಿ ಅವನು. ಅರಬ್ ದೇಶಗಳ ನೋಡುಗರು ಇದನ್ನು ಆಕ್ಷೇಪಿಸಿದಾಗ ನಿರ್ಮಾಪಕರು, ಪಾತ್ರವೂ ಸ್ಥಳವೂ ಕಲ್ಪಿತವೆಂದು ಮೊದಲು ಸಮಜಾಯಿಷಿ ನೀಡಿದರು. ಅದು ಸಾಲದೆ ಬಂದಾಗ ಬಹಿರಂಗವಾಗಿ ಕ್ಷಮೆ ಬೇಡಿದರು. ಆ ಪಾತ್ರವನ್ನು ವಹಿಸಿದವನು ಅರಬನಲ್ಲ. ಸಿಯೋಲಿನಲ್ಲಿ ನಾಟಕಕಲೆಯನ್ನು ಅಭ್ಯಸಿಸಿದ ಭಾರತೀಯ ನಟ ಅನುಪಮ್ ತ್ರಿಪಾಠಿ. ಅದೇ ನಟ 2021ರಲ್ಲಿ ಜಗತ್ಪ್ರಸಿದ್ಧವಾದ ‘ಸ್ಕ್ವಿಡ್ ಗೇಮ್’ನಲ್ಲಿ ಪಾಕಿಸ್ತಾನದಿಂದ ಕೂಲಿಗೆ ಬಂದ ಅಲಿ ಎಂಬವನ ಪಾತ್ರವನ್ನು ಮಾಡಿದ್ದನು. ಅಂದರೆ ಭಾರತೀಯನೊಬ್ಬನು ಒಮ್ಮೆ ಪಾಕಿಸ್ತಾನಿ, ಒಮ್ಮೆ ಅರಬ. ಕಂದು ಬಣ್ಣದ ಮೈಯಿದ್ದರೆ ಸಾಕು, ಯಾವ ದೇಶದವನಾದರೂ ಆದೀತು ಎಂಬ ಎಣಿಕೆ ಇದರ ಹಿಂದೆ ಇರುವಂತೆ ತೋರುತ್ತದೆ. ಆದರೂ ಎರಡು ಪಾತ್ರಗಳು ಒಂದೇ ತೂಕದವಲ್ಲ. ಸಂಬಳ ಕೊಡದ ಯಜಮಾನನಿಂದ ನೊಂದ ಅಲಿಯ ಮೂಲಕ ಕೊರಿಯಾದ ಕಾರ್ಖಾನೆಗಳಲ್ಲಿ ದುಡಿಯುವ ಹೊರನಾಡಿನವರ ನಿಜವಾದ ಸಂಕಟ ಕಾಣುತ್ತದೆ. ಅವನ ಅತಿವಿನಯ ಮತ್ತು ಎಲ್ಲರನ್ನೂ ನಂಬುವ ಮುಗ್ಧತೆ ಮಾತ್ರ ಮತ್ತೊಂದು ಅಚ್ಚೇ ಎಂದು ಹೇಳಿದವರೂ ಇದ್ದಾರೆ. ಒಳ್ಳೆಯ ಗುಣವನ್ನು ಹೊರಿಸಿದರೂ ಅಚ್ಚು ಅಚ್ಚೇ ಆಗಿರುತ್ತದೆ.

ಕೊರಿಯದವರು ಈ ನೋವನ್ನು ಅರಿಯದವರಲ್ಲ. 2021ರಲ್ಲಿ ‘ಜೋಸನ್ ಎಕ್ಸಾರ್ಸಿಸ್ಟ್’ ಎಂಬ ಐತಿಹಾಸಿಕ ಧಾರಾವಾಹಿಯಲ್ಲಿ ತಮ್ಮ ಪೂರ್ವಿಕರ ಔತಣದ ಮೇಜಿನ ಮೇಲೆ ಚೀನೀ ತಿನಿಸುಗಳನ್ನು ಕಂಡು ಅವರು ಕೆರಳಿದರು. ಎರಡೇ ಕಂತುಗಳಾದ ಮೇಲೆ ಆ ಧಾರಾವಾಹಿ ನಿಂತುಹೋಯಿತು. ಮರುವರ್ಷ ಇನ್ನೊಂದು ಕೊರಿಯನ್ ಧಾರಾವಾಹಿಯು ವಿಯೆಟ್ನಾಂ ಯುದ್ಧವನ್ನು ತಿರುಚಿ ತೋರಿಸಿತೆಂದು ವಿಯೆಟ್ನಾಮಿನ ಸರಕಾರ ಆಕ್ಷೇಪಿಸಿತು. ಆ ದೇಶದಲ್ಲಿ ಅದನ್ನು ಹಿಂತೆಗೆದುಕೊಳ್ಳಲಾಯಿತು.

‘ಇಲ್ಲಿನ ಪಾತ್ರಗಳೆಲ್ಲ ಕಲ್ಪಿತ’ ಎಂಬ ಘೋಷಣೆಯು ನಿರ್ಮಾಪಕರಿಗೆ ಎಲ್ಲ ಕಡೆಯೂ ಕೈಗೆ ಸಿಗುವ ಕೊಡೆ. ಶ್ರೀರಂಗಪಟ್ಟಣದ ಕಥೆಗೂ ಅದನ್ನು ಹಿಡಿದದ್ದುಂಟು. ಭಗವಾನ್ ಗಿದ್ವಾನಿಯವರ ಕಾದಂಬರಿಯನ್ನು ಆಧರಿಸಿದ ‘ದಿ ಸೋರ್ಡ್ ಆಫ್ ಟಿಪ್ಪು ಸುಲ್ತಾನ್’ ಧಾರಾವಾಹಿ 1990ರಲ್ಲಿ ದೂರದರ್ಶನದಲ್ಲಿ ಬಂದಾಗ, ಅದು ಅರಸನನ್ನು ಕಳಂಕವಿಲ್ಲದ ವೀರನನ್ನಾಗಿ ಚಿತ್ರಿಸುತ್ತದೆಂದು ವಿವಾದವೆದ್ದಿತು. ಕೊನೆಗೆ ಅದು ಕೇವಲ ಕಲ್ಪನೆ ಎಂಬ ಘೋಷಣೆಯೊಡನೆ ಪ್ರಸಾರವಾಯಿತು. ಲಂಡನ್ನಿನ ಅಚ್ಚು ರಾಕ್ಷಸನದು, ಇದು ದೇವತೆಯದು. ಘೋಷಣೆಯನ್ನು ಓದಿ ಮರೆತ ನೋಡುಗನ ಮನಸ್ಸಿನಲ್ಲಿ ಉಳಿದದ್ದು ಘೋಷಣೆಯಲ್ಲ, ಕುದುರೆಯ ಮೇಲಿನ ವೀರ.

ಅಚ್ಚು ದೇಶದೇಶಗಳ ನಡುವೆ ಮಾತ್ರ ಕೆಲಸ ಮಾಡುವುದಿಲ್ಲ. ಕೊರಿಯಾದಲ್ಲಿ ಜೊಲ್ಲಾ ಪ್ರಾಂತದ ಆಡುಮಾತನ್ನು ಬಹುಕಾಲ ಸೇವಕರಿಗೂ ಪುಂಡರಿಗೂ ಕೊಡುತ್ತ ಬಂದರು. ಕನ್ನಡ ಚಲನಚಿತ್ರಗಳಲ್ಲಿಯೂ ಧಾರಾವಾಹಿಗಳಲ್ಲಿಯೂ ಮಂಡ್ಯದ ಮಾತು ಎಷ್ಟೋ ಸಲ ಅಡುಗೆಯಾಳಿಗೆ, ಒರಟನಿಗೆ, ಪೇಟೆಗೆ ಬಂದು ಪೆಚ್ಚಾಗುವ ಹಳ್ಳಿಗನಿಗೆ ಮೀಸಲಾಗಿದೆ. ನಾಯಕನು ‘ಹಾಲು’ ಎಂದರೆ ಆಳು ‘ಆಲು’ ಎನ್ನಬೇಕು, ನೋಡುವವರು ನಗಬೇಕು. ಭಾಷೆಯ ಚರಿತ್ರೆಯನ್ನು ಬಲ್ಲವರಿಗೆ ಇಲ್ಲಿ ನಗುವಂಥದು ಏನೂ ಕಾಣದು. ಹಳಗನ್ನಡದ ‘ಪಾಲ್’ ನಡುಗನ್ನಡದಲ್ಲಿ ‘ಹಾಲು’ ಆಯಿತು, ಪಕಾರ ಹಕಾರವಾಯಿತು. ಮಂಡ್ಯದ ಮಾತು ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ ಹಕಾರವನ್ನೂ ಬಿಟ್ಟಿತು. ‘ಪಾಲ್’ ಎಂದ ಕವಿಯ ಕಿವಿಗೆ ‘ಹಾಲು’ ಎಂಬುದೂ ಅಷ್ಟೇ ವಿಚಿತ್ರವಾಗಿ ಕೇಳಿಸುತ್ತಿತ್ತೇನೋ!

ಆ ಮಾತು ನಗೆಗಾಗಿ ಅಲ್ಲದೆ ಬದುಕಿಗಾಗಿಯೇ ತೆರೆಯ ಮೇಲೆ ಕೇಳಿಸಿದ್ದು 2015ರ ‘ತಿಥಿ’ ಚಿತ್ರದಲ್ಲಿ. ರಾಮ್ ರೆಡ್ಡಿ ನಿರ್ದೇಶಿಸಿದ ಆ ಚಿತ್ರದ ಕಥೆಯನ್ನು ಹೆಣೆಯುವುದರಲ್ಲಿ ಈರೇಗೌಡ ಜೊತೆಗೂಡಿದರು. ಮಂಡ್ಯ ಜಿಲ್ಲೆಯ ನೊದೆಕೊಪ್ಪಲಿನಲ್ಲಿ ಚಿತ್ರೀಕರಣ ನಡೆಯಿತು. ನಟಿಸಿದವರು ಬಣ್ಣ ಹಚ್ಚಿ ಅಭ್ಯಾಸವಿಲ್ಲದ ಹಳ್ಳಿಯ ಜನರೇ. ಅಲ್ಲಿ ಒಬ್ಬ ಮುದುಕ ಸದಾ ಬೈಯುತ್ತಾನೆ, ಅವನ ಮಗ ಊರೂರು ಅಲೆಯುತ್ತಾನೆ, ಮೊಮ್ಮಗ ಜಮೀನನ್ನು ಮಾರಲು ಹಂಚಿಕೆ ಹೂಡುತ್ತಾನೆ. ಸ್ವಾರ್ಥವೂ ಇದೆ, ಕಪಟವೂ ಇದೆ. ಹಳ್ಳಿಯವರನ್ನು ಯಾರೂ ಅಲ್ಲಿ ಸಜ್ಜನರನ್ನಾಗಿ ಮಾಡಿ ಕೂರಿಸಿಲ್ಲ. ಆದರೆ ಒಬ್ಬ ಗೌಡ ಇನ್ನೊಬ್ಬ ಗೌಡನಂತಿಲ್ಲ. ಆ ಚಿತ್ರ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆಯಿತು. ಮಂಡ್ಯ ಎಲ್ಲಿದೆಯೆಂದು ಅರಿಯದ ಪ್ರೇಕ್ಷಕರು ಅಲ್ಲಿ ಆ ಮಾತನ್ನು ಕೇಳಿದರು. ಅದನ್ನು ನೊದೆಕೊಪ್ಪಲಿನ ಜನರೂ ನೋಡಿದರು.